ಮುಂಬೈಗೆ ನಾಲ್ಕೇ ದಿನ ಬರೋದಾದ್ರೆ ಏನೇನ್ ತಿನ್ಲೇಬೇಕು?

ಪ್ರಶ್ನೆ: ನಮಸ್ಕಾರ ಸರ್, ನಾವು ದಾವಣಗೆರೆಯವ್ರು. ಡಿಸೆಂಬರ್‌ನಲ್ಲಿ ನಾಲ್ಕು ದಿನ ಮುಂಬೈಗೆ ಬರ್ತಿದೀವಿ, ನಾನು, ನನ್ ಹೆಂಡ್ತಿ, ಅಮ್ಮ. ಅಮ್ಮ ಪ್ಯೂರ್ ವೆಜ್, ನಾವಿಬ್ರೂ ಎಲ್ಲಾ ತಿಂತೀವಿ. ನೆಟ್ಟಲ್ಲಿ ನೋಡಿದ್ರೆ ಐವತ್ತು ಜಾಗ ನೂರು ಜಾಗ ಅಂತ ಲಿಸ್ಟ್ ಬರುತ್ತೆ, ತಲೆ ಕೆಡುತ್ತೆ. ಬಿಡ್ಲೇಬಾರದ್ದು ಯಾವ್ದು ಹೇಳಿ. ಮತ್ತೆ ಮುಂಬೈವರೆಗೂ ಬಂದು ಉಡುಪಿ ಹೋಟ್ಲಿಗೆ ಹೋಗೋದು ವೇಸ್ಟ್ ಅಲ್ವಾ?

ಉತ್ತರ: ಕೊನೇ ಪ್ರಶ್ನೆಯಿಂದ್ಲೇ ಶುರು ಮಾಡ್ತೀನಿ, ಯಾಕಂದ್ರೆ ಅದು ನಂಗೆ ಸ್ವಲ್ಪ ಚುಚ್ತು ಮಾರಾಯ್ರೆ. ನಾನು ಕುಂದಾಪುರದ ಕಡೆಯೋನು, ಎಸ್ಸೆಸ್ಸೆಲ್ಸಿ ಫೇಲಾಗಿ ಮನೇಲಿ ಬೈಸ್ಕೊಂಡು ಬಸ್ ಹತ್ತಿದೋನು, ಇಲ್ಲಿ ಒಂದು ಹೋಟ್ಲಲ್ಲಿ ಟೇಬಲ್ ಒರೆಸೋದ್ರಿಂದ ಶುರು ಮಾಡ್ದೆ, ಹಗಲು ಹೋಟ್ಲು ರಾತ್ರಿ ಕನ್ನಡ ಶಾಲೆ, ಹಂಗೇ ಕೌಂಟರ್‌ಗೆ ಬಂದೆ, ಈಗ ಇಪ್ಪತ್ತು ವರ್ಷದಿಂದ ಹೋಟ್ಲುಗಳಿಗೆ ತೆಂಗಿನಕಾಯಿ ಬಾಳೆಎಲೆ ಸಪ್ಲೈ ಮಾಡ್ತಿದೀನಿ. ಹಾಗಾಗಿ ಈ ಊರಿನ ಹೋಟ್ಲುಗಳನ್ನ ನಾನು ಜಾಸ್ತಿ ನೋಡಿರೋದು ಹಿಂದಿನ ಬಾಗ್ಲಿಂದ. ಅಲ್ಲಿಂದ ನೋಡಿದೋನಿಗೆ ಅನ್ಸೋದು ಒಂದೇ, ಮುಂಬೈಯ ಊಟ ಅಂದ್ರೆ ಮನೆ ಬಿಟ್ಟು ಬಂದೋರ ಊಟ. ವಡಾಪಾವ್ ತಗೊಳ್ಳಿ, ಇರಾನಿ ಚಾ ತಗೊಳ್ಳಿ, ಗುಜರಾತಿ ಥಾಲಿ ತಗೊಳ್ಳಿ, ನಮ್ಮೋರ ಬೋರ್ಡಿಂಗ್ ತಗೊಳ್ಳಿ, ಎಲ್ಲದರ ಶುರುವಿನಲ್ಲೂ ಒಬ್ಬ ಗಂಡಸು ಇರ್ತಾನೆ, ಹೆಂಡ್ತಿ ಮಕ್ಳು ಊರಲ್ಲಿ, ಇಲ್ಲಿ ಹತ್ತು ಜನರ ಜೊತೆ ಒಂದು ಖೋಲಿ, ಒಲೆ ಹಚ್ಚೋಕೆ ಜಾಗ ಇಲ್ಲ, ಡ್ಯೂಟಿ ಹೊತ್ತಿಗೆ ಸರಿಯಾಗಿ ಹೊಟ್ಟೆ ತುಂಬ್ಬೇಕು ಮತ್ತೆ ಜೇಬು ಖಾಲಿ ಆಗ್ಬಾರ್ದು. ಅದಕ್ಕೇ ನಾನು ಯಾರಿಗಾದ್ರೂ ಜಾಗ ಹೇಳೋವಾಗ ಹೋಟ್ಲಿನ ಹೆಸ್ರಿಗಿಂತ ಮುಂಚೆ ಹೊತ್ತು ಹೇಳ್ತೀನಿ. ಆ ಊಟ ಯಾರಿಗೋಸ್ಕರ ಹುಟ್ತೋ ಅವ್ರು ತಿನ್ನೋ ಹೊತ್ತಿಗೇ ಹೋಗಿ. ಅದೇ ಪಾವ್ ಮಧ್ಯಾಹ್ನ ಮೂರಕ್ಕೆ ತಿಂದ್ರೆ ರಬ್ಬರ್.

ಹಾಗಾಗಿ ಉಡುಪಿ ಹೋಟ್ಲು ವೇಸ್ಟ್ ಅಲ್ಲ, ಅದೂ ಮುಂಬೈಯ ಸ್ವಂತ ಊಟಾನೇ. ಮೊದಲ ದಿನ ಬೆಳಗ್ಗೆ ಮಾಟುಂಗಾಕ್ಕೆ ಬನ್ನಿ. ಬರೋವಾಗ ಒಂದು ಗಮನ ಇಡಿ, ಮಾಟುಂಗಾ ಅಂತ ಸೆಂಟ್ರಲ್ ಲೈನಲ್ಲಿ ಒಂದು ಸ್ಟೇಷನ್, ಮಾಟುಂಗಾ ರೋಡ್ ಅಂತ ವೆಸ್ಟರ್ನ್ ಲೈನಲ್ಲಿ ಇನ್ನೊಂದು. ನಿಮಗೆ ಬೇಕಾಗಿರೋದು ಸೆಂಟ್ರಲ್‌ದು, ಪೂರ್ವದ ಕಡೆ ಇಳೀಬೇಕು. ಪ್ರತಿ ವರ್ಷ ಊರಿಂದ ಬಂದ ಯಾರಾದ್ರೊಬ್ರು ತಪ್ಪು ಸ್ಟೇಷನ್ನಲ್ಲಿ ಇಳಿದು ನಂಗೆ ಫೋನ್ ಮಾಡ್ತಾರೆ, ನಾನು ಫೋನ್ ಎತ್ತುತ್ಲೇ ಕೇಳೋದು "ಯಾವ ಮಾಟುಂಗಾ?" ಅಂತ.

ಸ್ಟೇಷನ್ನಿಂದ ಹೊರಗೆ ಬಂದ್ರೆ ಹತ್ರಾನೇ ರಾಮ್ ಆಶ್ರಯ, 1939ರದ್ದು. ಬೆಳಗ್ಗೆ ಐದಕ್ಕೆಲ್ಲ ಬಾಗ್ಲು ತೆಗೀತದೆ, ಯಾಕಂದ್ರೆ ಆಗಿಂದ ಈಗಿನವರೆಗೂ ಮೊದ್ಲ ಗಿರಾಕಿ ಅಂದ್ರೆ ಲೋಕಲ್ ಹಿಡೀಬೇಕಾದ ಮನುಷ್ಯ. ಬೋರ್ಡ್ ಮೇಲೆ ಆ ದಿನದ ಶೀರಾ ಯಾವ್ದು ಅಂತ ಬರ್ದಿರ್ತದೆ, ಪೈನಾಪಲ್ ಇದ್ರೆ ಅದನ್ನೇ ತಗೊಳ್ಳಿ, ನಾವು ಊರಲ್ಲಿ ಕೇಸರಿಬಾತ್ ಅಂತೀವಲ್ಲ ಅದ್ರ ತಮ್ಮ. ಟೇಬಲ್ ಹಂಚ್ಕೊಂಡು ಕೂರ್ಬೇಕು, ಎದುರುಗಡೆ ಯಾರೋ ಗೊತ್ತಿಲ್ಲದೋರು ಇಡ್ಲಿ ತಿಂತಿರ್ತಾರೆ, ಅದಕ್ಕೆಲ್ಲ ಮುಜುಗರ ಪಟ್ಕೋಬೇಡಿ. ಅಲ್ಲಿಂದ ಹತ್ತು ನಿಮಿಷ ನಡೆದ್ರೆ ಕಿಂಗ್ಸ್ ಸರ್ಕಲ್ ಕಡೆ ಕೆಫೆ ಮದ್ರಾಸ್, 1940ರದ್ದು, ಹೆಸ್ರು ಮದ್ರಾಸ್ ಆದ್ರೂ ನಡೆಸೋರು ಕಾಮತ್ ಮನೆತನದೋರು. ಭಾನುವಾರ ಅಲ್ಲಿ ಕ್ಯೂ ನೋಡಿದ್ರೆ ತಿರುಪತಿ ನೆನಪಾಗುತ್ತೆ, ವಾರದ ದಿನ ಹೋಗಿ. ರಾಗಿ ದೋಸೆ ಚೆನ್ನಾಗಿದೆ, ನೀರ್ ದೋಸೆ ಸಿಕ್ಕಿದ್ರೆ ತಗೊಳ್ಳಿ, ಪೊಡಿ ಇಡ್ಲಿನೂ ಸರಿ.

ಬೆಣ್ಣೆದೋಸೆ ಊರಿನೋರು ನೀವು, ಗೊತ್ತು, ಇಲ್ಲಿನ ದೋಸೆ ನೋಡಿ ಮೂಗು ಮುರೀಬೇಡಿ. ಸಾಂಬಾರೂ ಸ್ವಲ್ಪ ಸಿಹಿ ಅನ್ಸುತ್ತೆ. ಎಂಬತ್ತು ವರ್ಷದಿಂದ ಗುಜರಾತಿಗಳು ಮರಾಠಿಗಳು ಪಾರ್ಸಿಗಳು ಎಲ್ಲರೂ ತಿಂದು ತಿಂದು ಅವ್ರ ನಾಲಿಗೆಗೆ ತಕ್ಕಂಗೆ ತಿದ್ಕೊಂಡು ಬಂದಿರೋ ಅಡುಗೆ ಇದು. ಇಲ್ಲಿ ಮೈಸೂರ್ ಮಸಾಲಾ ಅಂತ ಒಂದು ಕೊಡ್ತಾರೆ, ಎಷ್ಟೋ ಕಡೆ ಕಾವಲಿ ಮೇಲೇ ದೋಸೆ ಹೊಟ್ಟೇಲಿ ಕೆಂಪು ಚಟ್ನಿ, ಆಲೂಗಡ್ಡೆ, ಬೀಟ್ರೂಟ್, ದೊಣ್ಣೆಮೆಣಸಿನಕಾಯಿ, ಒಂದು ಮುದ್ದೆ ಬೆಣ್ಣೆ ಎಲ್ಲಾ ಹಾಕಿ ಪಾವ್‌ಭಾಜಿ ಥರ ಕುಟ್ಟಿ ಕುಟ್ಟಿ ಸವರ್ತಾರೆ. ಅದನ್ನ ಮೈಸೂರಿಗೆ ತಗೊಂಡೋದ್ರೆ ಮೈಸೂರಿನೋರಿಗೇ ಗುರುತು ಸಿಗಲ್ಲ. ಒಂದ್ಸಲ ತಿನ್ನಿ, ನಗು ಬರುತ್ತೆ, ಆಮೇಲೆ ಇನ್ನೊಂದು ಆರ್ಡರ್ ಮಾಡ್ತೀರಿ.

ಮಧ್ಯಾಹ್ನ ಅಲ್ಲೇ ಇರಿ. ಸ್ಟೇಷನ್ ಪಕ್ಕದ ಮಾರ್ಕೆಟ್ ಕಟ್ಟಡದ ಮೇಲ್ಮಹಡೀಲಿ ಎ. ರಾಮ ನಾಯಕ್ ಅವ್ರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಬೋರ್ಡಿಂಗ್ ಅನ್ನೋ ಶಬ್ದಾನೇ ನೋಡಿ, ತಿಂಗಳಿಗಿಷ್ಟು ಅಂತ ಕೊಟ್ಟು ಊಟ ಮಾಡೋ ಒಂಟಿ ಜನರಿಗೆ ಅಂತ ಹುಟ್ಟಿದ್ದು. ನನ್ನ ಅಭಿಪ್ರಾಯದಲ್ಲಿ ನಿಮ್ಮ ನಾಲ್ಕು ದಿನದಲ್ಲಿ ಒಂದೇ ಒಂದು ಊಟ ಮಾಡೋದಾದ್ರೆ ಇದೇ. ಕೂತ ತಕ್ಷಣ ಮುಂದೆ ಬಾಳೆಎಲೆ ಬೀಳುತ್ತೆ, ನೀವು ನೀರು ಚಿಮುಕಿಸಿ ಒರೆಸೋದರೊಳಗೆ ಒಬ್ಬ ಪಲ್ಯ ಹಾಕಿ ಮುಂದೆ ಹೋಗಿರ್ತಾನೆ, ಅವ್ನ ಹಿಂದೆ ಹುಳಿ, ಅವ್ನ ಹಿಂದೆ ಪೂರಿ, ಸಾರಿನ ಬಟ್ಲು ಇಡೋನು ಬೇರೆ. ಯಾರೂ ಏನೂ ಕೇಳಲ್ಲ, ಎಲೆ ನೋಡ್ತಾರೆ ಅಷ್ಟೇ, ಖಾಲಿ ಇದ್ರೆ ಬೀಳುತ್ತೆ. ಬಡಿಸೋ ಹುಡುಗರ ಕಣ್ಣು ನಿಮ್ಮ ಮುಖದ ಮೇಲೆ ಇರಲ್ಲ, ಎಲೆಯ ಎಡಗಡೆ ಮೂಲೆ ಮೇಲೆ ಇರುತ್ತೆ, ಇದು ನಂಗೂ ಮೊದ್ಲ ವಾರ ಕಲಿಸಿದ ಪಾಠ. ಎಲೆ ಮೇಲೆ ಊಟ ಚೆಲ್ಬೇಡಿ, ಹಾಕಿಸ್ಕೊಳ್ಳೋವಾಗ ಎಷ್ಟು ಬೇಕೋ ಅಷ್ಟೇ ಹೇಳಿ, ಅಲ್ಲಿ ಅದನ್ನ ತುಂಬಾ ಗಮನಿಸ್ತಾರೆ. ಅಮ್ಮನಿಗೆ ಮೆಟ್ಲು ಹತ್ತೋಕೆ ಕಷ್ಟ ಆದ್ರೆ ಸ್ವಲ್ಪ ಯೋಚ್ನೆ ಮಾಡಿ, ಲಿಫ್ಟ್ ಗಿಫ್ಟ್ ನಂಬ್ಕೊಂಡು ಹೋಗ್ಬೇಡಿ. ಮತ್ತೆ ಸೋಮವಾರ ಬೇಡ, ಮಾಟುಂಗಾದ ಹಳೇ ಹೋಟ್ಲುಗಳು ಸುಮಾರು ಸೋಮವಾರ ರಜೆ.

ಎರಡನೇ ದಿನ ಫೋರ್ಟ್ ಕಡೆ, ಅಂದ್ರೆ ದಕ್ಷಿಣ ಮುಂಬೈಯ ಹಳೇ ಆಫೀಸುಗಳ ಭಾಗ. ಇಲ್ಲಿ ಇರಾನಿಗಳ ಕಥೆ ಹೇಳ್ಬೇಕು. ಹತ್ತೊಂಬತ್ತನೇ ಶತಮಾನದ ಕೊನೆ, ಇಪ್ಪತ್ತನೆಯದ್ರ ಶುರು, ಆ ಹೊತ್ತಿಗೆ ಇರಾನಿನ ಯಜ್ದ್ ಕಡೆಯಿಂದ ಜರತುಷ್ಟ್ರ ಧರ್ಮದ ಬಡವರು ಬಂದ್ರು, ಅದೇ ಧರ್ಮದೋರಾಗಿ ಮುಂಚೇನೇ ಬಂದು ದುಡ್ಡು ಮಾಡಿದ್ದ ಪಾರ್ಸಿಗಳ ಮನೇಲಿ ಕೆಲ್ಸ ಮಾಡಿ ಆಮೇಲೆ ಚಾ ಅಂಗಡಿ ಇಟ್ರು. ಇಲ್ಲಿನ ಅಂಗಡಿಕಾರರು ರಸ್ತೆ ಮೂಲೆಯ ಜಾಗ ಅಪಶಕುನ ಅಂತ ಬಿಡ್ತಿದ್ರಂತೆ, ಇವ್ರು ಅದನ್ನೇ ಹಿಡ್ಕೊಂಡ್ರಂತೆ, ಎಷ್ಟು ನಿಜವೋ, ಆದ್ರೆ ಹಳೇ ಇರಾನಿ ಹೋಟ್ಲುಗಳು ಮೂಲೇಲೇ ಇರೋದಂತೂ ಕಣ್ಣಿಗೆ ಕಾಣುತ್ತೆ, ಎರಡು ಕಡೆ ಬಾಗ್ಲು, ಒಳಗೆ ಗಾಳಿ ಬೆಳಕು. ಮೆಟ್ರೋ ಸಿನಿಮಾ ಹತ್ರ ಕಯಾನಿ ಅಂತ ಇದೆ, 1904ರದ್ದು. ಬೆಳಗ್ಗೆ ಎಂಟರ ಹೊತ್ತಿಗೆ ಹೋಗಿ ಬ್ರುನ್ ಮಸ್ಕಾ ಮತ್ತೆ ಚಾ ಹೇಳಿ. ಬ್ರುನ್ ಅಂದ್ರೆ ಒಂಥರಾ ಪಾವ್, ಹೊರಗೆ ಕಲ್ಲು ಒಳಗೆ ಹತ್ತಿ, ಹಾಗೇ ಕಚ್ಚಿದ್ರೆ ಅಂಗುಳು ಗೀರುತ್ತೆ, ಮೊದ್ಲ ಸಲ ನಂಗೆ ರಕ್ತಾನೇ ಬಂದಿತ್ತು. ಅಡ್ಡಕ್ಕೆ ಸೀಳಿ ಬೆಣ್ಣೆ ಹಚ್ಚಿರ್ತಾರೆ, ಅದನ್ನ ಚಾದಲ್ಲಿ ಮೂರ್ನಾಲ್ಕು ಸೆಕೆಂಡ್ ಅದ್ದಬೇಕು, ಬೆಣ್ಣೆ ಕರಗಿ ಚಾ ಮೇಲೆ ಹಳದಿ ಹಳದಿ ಕಣ್ಣು ಮೂಡ್ತವೆ, ಆಗ ತಿನ್ನಿ, ಕೊನೇಲಿ ಆ ಬೆಣ್ಣೆ ಚಾ ಕುಡೀರಿ. ಅಮ್ಮನಿಗೆ ಬನ್ ಮಸ್ಕಾ ಸಾಕು, ಮೆತ್ತಗಿರುತ್ತೆ. ಮಾವಾ ಕೇಕ್ ನೋಡೋಕೆ ಖೋವಾ ಸ್ವೀಟಿನ ಥರ ಕಂಡ್ರೂ ಮೊಟ್ಟೆ ಇರುತ್ತೆ, ಅಮ್ಮನಿಗೆ ಮುಂಚೇನೇ ಹೇಳ್ಬಿಡಿ. ಪಕ್ಕದ ಟೇಬಲ್ಲಲ್ಲಿ ಖೀಮಾ ಪಾವ್, ಅಂದ್ರೆ ಕೊಚ್ಚಿದ ಮಾಂಸದ್ದು, ನಡೀತಿರುತ್ತೆ, ಅದು ಆಗಲ್ಲ ಅನ್ನೋ ಮಡಿವಂತರಾದ್ರೆ ಅವರನ್ನ ರೂಮಲ್ಲಿ ಬಿಟ್ಟು ನೀವಿಬ್ರೇ ಬನ್ನಿ.

ಅವತ್ತೇ ಮಧ್ಯಾಹ್ನ ಬಲ್ಲಾರ್ಡ್ ಎಸ್ಟೇಟಿನ ಬ್ರಿಟಾನಿಯಾ. 1923ರದ್ದು, ಆಫೀಸಿನೋರಿಗೆ ಅಂತ ಇದ್ದಿದ್ರಿಂದ ಮಧ್ಯಾಹ್ನದ ಊಟಕ್ಕೇ ಹೆಸ್ರು. ಬೆರ್ರಿ ಪುಲಾವ್ ಅಲ್ಲಿನ ಹೆಸರುವಾಸಿ, ಇರಾನಿನಿಂದ ಬರೋ ಜರೆಷ್ಕ್ ಅನ್ನೋ ಹುಳಿ ಹುಳಿ ಒಣಹಣ್ಣು ಅನ್ನದ ಮೇಲೆ, ಕೆಳಗೆ ಮಟನ್ನೋ ಚಿಕನ್ನೋ. ನಮ್ ಕಡೆ ಬಿರಿಯಾನಿ ತಿಂದೋರಿಗೆ ಇದು ಖಾರಾನೇ ಇಲ್ಲ ಅನ್ಸುತ್ತೆ, ಎರಡನೇ ತುತ್ತಿಗೆ ಹುಳಿ ಹಿಡಿಯುತ್ತೆ. ಜೊತೆಗೆ ಪಲ್ಲೋನ್ಜಿ ರಾಸ್ಬೆರಿ ಸೋಡಾ, ಆಸ್ಪತ್ರೆ ಟಾನಿಕ್ಕಿನ ಕೆಂಪು ಬಣ್ಣ, ಆದ್ರೂ ಕುಡೀರಿ. ಬೋಮನ್ ಕೊಹಿನೂರ್ ಅಂತ ಯಜಮಾನ್ರು ತೊಂಬತ್ತು ದಾಟಿದ್ಮೇಲೂ ಟೇಬಲ್ ಟೇಬಲ್ಲಿಗೆ ಬಂದು ಆರ್ಡರ್ ತಗೊಳ್ತಿದ್ರು, ಇಂಗ್ಲೆಂಡ್ ರಾಣಿ ಅಂದ್ರೆ ಪ್ರಾಣ, 2019ರಲ್ಲಿ ಹೋದ್ರು. ಅವ್ರು ಇಲ್ದೆ ಆ ಹಾಲ್ ಸ್ವಲ್ಪ ಖಾಲಿ ಅನ್ಸುತ್ತೆ ನಂಗೆ, ಪುಲಾವ್ ಹಾಗೇ ಇದೆ. ರೇಟ್ ಮಾತ್ರ ಜಾಸ್ತಿ, ಮೊದ್ಲೇ ಹೇಳ್ತಿದೀನಿ.

ಬ್ರಿಟಾನಿಯಾಕ್ಕೆ ಹೋಗೋ ಮುಂಚೆ, ಹನ್ನೊಂದೂವರೆ ಸುಮಾರಿಗೆ, ಚರ್ಚ್‌ಗೇಟ್ ಸ್ಟೇಷನ್ ಹೊರಗೆ ಹದಿನೈದು ನಿಮಿಷ ನಿಲ್ಲಿ. ಮನೆ ಊಟದ ಡಬ್ಬಿನ ಆಫೀಸಿಗೆ ತಲುಪಿಸೋ ಡಬ್ಬಾವಾಲಾಗಳು ಇಳಿಯೋ ಹೊತ್ತು ಅದು. 1890ರಲ್ಲಿ ಮಹಾದೇವ್ ಹಾವಜಿ ಬಚ್ಚೆ ಅನ್ನೋರು ಶುರು ಮಾಡಿದ್ದು ಅಂತ ಹೇಳ್ತಾರೆ. ಉದ್ದನೆ ಮರದ ತಟ್ಟೆ ತಲೆ ಮೇಲೆ, ಅದರ ತುಂಬಾ ಡಬ್ಬಿ, ಡಬ್ಬಿ ಮೇಲೆ ಬಣ್ಣದ ಅಕ್ಷರ. ಫುಟ್‌ಪಾತಲ್ಲಿ ಇಟ್ಟು ಬಿಲ್ಡಿಂಗ್ ಲೆಕ್ಕದಲ್ಲಿ ಬೇರೆ ಮಾಡಿ ಸೈಕಲ್ಲಿಗೆ ನೇತು ಹಾಕೋದು ನೋಡೋಕೇ ಒಂದು ಖುಷಿ. ಅದು ದುಡ್ಡು ಕೊಟ್ರೂ ನಿಮಗೆ ಸಿಗದ ಊಟ, ಯಾರದೋ ಮನೆಯದ್ದು. ಅಡ್ಡ ನಿಂತು ಫೋಟೋ ತೆಗೀಬೇಡಿ, ಬೈತಾರೆ, ಬೈಯೋದೂ ಸರಿ. ಅಲ್ಲೇ ಹತ್ರ ಕೆ. ರುಸ್ತುಂ ಅಂತ ಐಸ್‌ಕ್ರೀಮ್ ಅಂಗಡಿ ಇದೆ, ಎರಡು ತೆಳು ಬಿಸ್ಕೆಟ್ ಮಧ್ಯೆ ಗಟ್ಟಿ ಐಸ್‌ಕ್ರೀಮ್ ತುಂಡು ಇಟ್ಟು ಕೊಡ್ತಾರೆ, ಬೇಗ ಬೇಗ ತಿನ್ಬೇಕು ಇಲ್ಲಾಂದ್ರೆ ಮೊಣಕೈವರೆಗೂ ಇಳಿಯುತ್ತೆ.

ಮೂರನೇ ದಿನ ದಾದರ್. ನಿಮ್ಮೂರೂ ಒಂದು ಕಾಲಕ್ಕೆ ಹತ್ತಿ ಗಿರಣಿ ಊರು, ಮ್ಯಾಂಚೆಸ್ಟರ್ ಅಂತ ಕರೀತಿದ್ರಲ್ಲ, ಮಂಡಕ್ಕಿ ಮೆಣಸಿನಕಾಯಿ ಹೊಡ್ಕೊಂಡು ಬೆಳೆದೋರಿಗೆ ವಡಾಪಾವ್ ಯಾಕೆ ಹುಟ್ತು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಪರೇಲ್, ಲಾಲ್‌ಬಾಗ್, ವರ್ಲಿ ಅಂತ ಇಡೀ ಭಾಗಕ್ಕೇ ಗಿರಣಗಾಂವ್ ಅಂತ ಹೆಸ್ರು. ಕೊಂಕಣದಿಂದ, ಘಾಟಿನ ಮೇಲಿಂದ ಬಂದ ಕಾರ್ಮಿಕರಿಗೆ ಅವ್ರಿದ್ದ ಚಾಳ್‌ಗಳ, ಅಂದ್ರೆ ಸಾಲು ಖೋಲಿಗಳ ವಠಾರದ, ಹೆಂಗಸರು ದುಡ್ಡಿಗೆ ಅಡುಗೆ ಮಾಡಿ ಹಾಕೋರು, ಅದೇ ಖಾನಾವಳಿ, ಹುಬ್ಬಳ್ಳಿ ಕಡೆ ನಾವು ಹೇಳೋ ಖಾನಾವಳಿ ಶಬ್ದಾನೂ ಮರಾಠಿಯಿಂದ್ಲೇ ಬಂದಿದ್ದು. ಆ ಹೆಂಗಸರು ಸಾಲದಲ್ಲಿ ಮುಳುಗಿರೋದು ನೋಡಿ ಪ್ರೇಮಾ ಪುರವ್ ಅನ್ನೋರು 1975ರಲ್ಲಿ ಅನ್ನಪೂರ್ಣ ಮಹಿಳಾ ಮಂಡಳ ಕಟ್ಟಿದ್ರು. ವಡಾಪಾವ್ ಶುರುವಾಗಿದ್ದು 1966ರಲ್ಲಿ, ದಾದರ್ ಸ್ಟೇಷನ್ ಹೊರಗೆ, ಅಶೋಕ್ ವೈದ್ಯ ಅನ್ನೋರ ಗಾಡೀಲಿ ಅಂತ ಹೇಳೋದು ರೂಢಿ. ಶಿಫ್ಟ್ ಮುಗಿಸಿ ಟ್ರೈನಿಗೆ ಓಡೋನು ಒಂದು ಕೈಯಲ್ಲಿ ಕಂಬಿ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ತಿನ್ನೋ ಹಂಗಿರ್ಬೇಕಲ್ಲ. 1982ರ ಜನವರೀಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ಅವ್ರ ಮುಷ್ಕರ ಶುರುವಾಗಿ ಸುಮಾರು ಎರಡೂವರೆ ಲಕ್ಷ ಜನ ಗಿರಣಿ ಬಿಟ್ಟು ಹೊರಗೆ ನಿಂತ್ರು, ಎಷ್ಟೋ ಗಿರಣಿ ಮತ್ತೆ ತೆಗೀಲೇ ಇಲ್ಲ, ಅವರಲ್ಲಿ ಎಷ್ಟೋ ಜನ ಹೊಟ್ಟೆಪಾಡಿಗೆ ವಡಾಪಾವ್ ಗಾಡಿ ಇಟ್ಕೊಂಡ್ರು. ನಾನು ಬಂದಾಗ ನಮ್ ಗಲ್ಲಿ ಮೂಲೇಲಿ ಗಾಡಿ ಇಟ್ಟಿದ್ದೋನು ಮೊದ್ಲು ಮಗ್ಗದ ಖಾತೇಲಿದ್ದ ಕಾರ್ಮಿಕ, ಎಣ್ಣೆ ಕಾಯ್ತಾ ಇರೋವಾಗ ಸೈರನ್ ಕೇಳಿಸಿದ್ರೆ ಇವತ್ತಿಗೂ ಕಾಲು ಅದ್ರ ಕಡೆ ತಿರುಗುತ್ತೆ ಅನ್ನೋನು.

ಎಲ್ಲಿ ತಿನ್ಬೇಕು ಅಂದ್ರೆ, ಹೆಸ್ರು ನೋಡ್ಬೇಡಿ, ಬಾಣಲೆ ನೋಡಿ. ಸಂಜೆ ಐದೂವರೆಯಿಂದ ಏಳರ ಮಧ್ಯೆ, ಜನ ಮುತ್ತಿರೋ ಗಾಡಿ, ವಡೆ ಎಣ್ಣೆಯಿಂದ ಎದ್ದು ನೇರ ಪಾವಿಗೆ ಹೋಗ್ತಿರ್ಬೇಕು. ತಟ್ಟೇಲಿ ರಾಶಿ ಹಾಕಿರೋ ತಣ್ಣಗಿನ ವಡೆ ಕಂಡ್ರೆ ಮುಂದೆ ಹೋಗಿ. ಒಣ ಬೆಳ್ಳುಳ್ಳಿ ಚಟ್ನಿ ಜಾಸ್ತಿ ಹಾಕಿ ಅಂತ ಕೇಳಿ, ಸಿಹಿ ಚಟ್ನಿ ಬೇಡ ಅನ್ನಿ, ಉಪ್ಪಲ್ಲಿ ಹುರಿದ ಮೆಣಸಿನಕಾಯಿ ಒಂದು ಕಡೆ ಇಡ್ತಾರೆ. ಹೆಸರೇ ಬೇಕು ಅಂದ್ರೆ ದಾದರ್ ಕೀರ್ತಿ ಕಾಲೇಜ್ ಹತ್ರದ ಅಶೋಕ್, ಸಿಎಸ್‌ಎಂಟಿ, ಅಂದ್ರೆ ಹಳೇ ವಿ.ಟಿ. ಸ್ಟೇಷನ್, ಎದುರಿಗೆ ಆರಾಮ್. ಅಮ್ಮನೂ ತಿನ್ಬಹುದು, ಬೆಳ್ಳುಳ್ಳಿ ನಡೀತದೆ ಅಂತಾದ್ರೆ.

ಬೆಳಗಿನ ತಿಂಡಿಗೆ ದಾದರಿನಲ್ಲೇ ಆಸ್ವಾದ್, ಮಿಸಳ್ ಪಾವ್ ಹೇಳಿ. ಮೊಳಕೆ ಕಾಳಿನ ಮೇಲೆ ಕೆಂಪು ರಸ, ಮೇಲೆ ಫರಸಾಣ ಅನ್ನೋ ಖಾರಾ ಮಿಕ್ಸ್ಚರ್, ಈರುಳ್ಳಿ. ಖಾರ ಸಾಲದು ಅನ್ಸಿದ್ರೆ ತರ್ರಿ ಕೇಳಿ, ಮೇಲೆ ತೇಲೋ ಎಣ್ಣೆ ಖಾರ, ಸೌಟಲ್ಲಿ ತಂದು ಹಾಕ್ತಾರೆ, ಆಮೇಲೆ ನನ್ನನ್ನ ಬೈಬೇಡಿ. ಅಮ್ಮನಿಗೆ ಥಾಲಿಪೀಠ್ ಬೆಣ್ಣೆ, ನಮ್ಮ ರೊಟ್ಟಿ ಜಾತಿಯದ್ದೇ. ಶಿವಾಜಿ ಪಾರ್ಕ್ ಕಡೆ ಪ್ರಕಾಶ್ ಅಂತ ಚಿಕ್ಕ ಹೋಟ್ಲು, ಸಾಬುದಾಣಾ ವಡೆ ಮತ್ತೆ ಪೀಯೂಷ್. ಪೀಯೂಷ್ ಅಂದ್ರೆ ಶ್ರೀಖಂಡವನ್ನ ಕುಡಿಯೋ ಹಂಗೆ ಮಾಡಿದ್ದು ಅಂದ್ಕೊಳ್ಳಿ, ಜಾಯಿಕಾಯಿ ಘಮ, ಒಂದು ಲೋಟ ಇಬ್ರಿಗೆ ಸಾಕು.

ಈಗ ಮೀನು. ಡಿಸೆಂಬರ್‌ನಲ್ಲಿ ಬರ್ತಿರೋದು ಒಳ್ಳೇದಾಯ್ತು, ಜೂನ್ ಜುಲೈ ಆದ್ರೆ ಮೀನುಗಾರಿಕೆಗೆ ನಿಷೇಧ, ಆಗ ಹೋಟ್ಲಲ್ಲಿ ಸಿಗೋದು ಹೆಚ್ಚಿನಂಶ ಐಸಿನದ್ದು. ಎರಡು ಥರ ಮೀನು ತಿನ್ಬೇಕು ಇಲ್ಲಿ. ಒಂದು ನಮ್ ಕರಾವಳಿಯೋರದ್ದು, ಫೋರ್ಟಿನ ಆಫೀಸ್ ಗಲ್ಲಿಗಳಲ್ಲಿ ಲಂಚ್ ಹೋಮ್ ಅಂತ ಶುರುವಾಗಿದ್ದು, ಮಹೇಶ್ ಲಂಚ್ ಹೋಮ್ ಅದ್ರಲ್ಲಿ ದೊಡ್ಡ ಹೆಸ್ರು. ಕೋಳಿ ಸಾರು ಅಂದ್ರೆ ಕೋರಿ ಗಸ್ಸಿ, ನೀರ್ ದೋಸೆ, ಕಾಣೆ ಮೀನಿನ ಫ್ರೈ, ಮಂಗ್ಳೂರಿಗೆ ಹೋದ್ರೂ ಸಿಗುತ್ತೆ ನಿಮಗೆ, ಹಾಗಾಗಿ ನಾಲ್ಕೇ ದಿನ ಇರೋರಿಗೆ ನಾನು ಒತ್ತಾಯ ಮಾಡಲ್ಲ. ಇನ್ನೊಂದು ಕೊಂಕಣದ ಮಾಲವಣ ಕಡೆಯೋರದ್ದು, ಆ ಮಾಲವಣಿ ಊಟ ಮಾತ್ರ ಬಿಡ್ಬೇಡಿ. ದಾದರಿನಲ್ಲಿ ಸಿಂಧುದುರ್ಗ, ಚೈತನ್ಯ ಅಂತ ಹೋಟ್ಲುಗಳಿವೆ, ಅಲ್ಲಿ ಬೊಂಬಿಲ್ ಫ್ರೈ. ಬೊಂಬಿಲ್ ಮೀನು ಹಸಿ ಇರೋವಾಗ ನೋಡಿದ್ರೆ ನೀರು ತುಂಬಿದ ಚೀಲ, ಜೆಲ್ಲಿ ಥರ ಅಲ್ಲಾಡುತ್ತೆ. ಅದನ್ನ ಸೀಳಿ ಬಿಡಿಸಿ ಮೇಲೆ ಭಾರ ಇಟ್ಟು ನೀರೆಲ್ಲಾ ಹಿಂಡ್ತಾರೆ, ಆಮೇಲೆ ಮಸಾಲೆ ಹಚ್ಚಿ ರವೇಲಿ ಹೊರಳಿಸಿ ಕಾವಲಿ ಮೇಲೆ. ಬಾಯಲ್ಲಿ ಹಾಕಿದ್ರೆ ಹೊರಗಿನ ರವೆ ಕರುಂ ಅನ್ನುತ್ತೆ, ಒಳಗಿಂದು ಮುಳ್ಳು ಸಮೇತ ಕರಗುತ್ತೆ. ಜೊತೆಗೆ ಸೋಲ್ ಕಡಿ, ನಮ್ ಪುನರ್ಪುಳಿ, ಅಂದ್ರೆ ಕೋಕಂ, ತೆಂಗಿನಹಾಲು ಸೇರಿದ ತೆಳು ಗುಲಾಬಿ ಬಣ್ಣದ್ದು, ಕೊನೇಲಿ ಕುಡೀರಿ. ಅಮ್ಮನನ್ನ ಆ ಹೊತ್ತಿಗೆ ಪ್ರಕಾಶ್‌ನಲ್ಲೋ ಆಸ್ವಾದಲ್ಲೋ ಕೂರಿಸಿ, ಎಲ್ಲಾ ಒಂದೇ ಕಡೆ ಇವೆ.

ದೊಡ್ಡ ಮೀನಿನ ಹೋಟ್ಲಿಗೆ ಹೋದ್ರೆ ಮೆನುವಲ್ಲಿ ರೇಟಿನ ಜಾಗದಲ್ಲಿ ಎಪಿಎಸ್ ಅಂತ ಬರ್ದಿರುತ್ತೆ, ಸೈಜ್ ಮೇಲೆ ರೇಟು ಅಂತ ಅರ್ಥ. ಒಂದ್ಸಲ ಊರಿಂದ ಬಂದ ನಮ್ ಭಾವನ ಮನೆಯವ್ರನ್ನ ಒಂದು ಹೆಸರಾಂತ ಹೋಟ್ಲಿಗೆ ಕರ್ಕೊಂಡೋಗಿ ದೊಡ್ಡಸ್ತಿಕೆ ತೋರಿಸೋಕೆ ಏಡಿ ಹೇಳ್ದೆ, ವೇಟರ್ ಜೀವ ಇರೋ ಏಡೀನ ಟ್ರೇಲಿ ತಂದು ತೋರಿಸ್ದ, ಎಲ್ಲಾ ಫೋಟೋ ತೆಗೆದ್ರು, ತೂಕ ಎಷ್ಟು ರೇಟು ಎಷ್ಟು ಅಂತ ನಾನು ಕೇಳ್ಲಿಲ್ಲ, ಕೇಳೋಕೆ ನಾಚ್ಕೆ. ಬಿಲ್ ಬಂದಾಗ ಭಾವನ ಮುಂದೆ ನಗ್ತಾ ಕಾರ್ಡ್ ಕೊಟ್ಟೆ, ಆ ತಿಂಗ್ಳು ಮಗಳ ಟ್ಯೂಷನ್ ಫೀಸ್ ತಡ ಆಯ್ತು. ಹೋಟ್ಲು ಲೈನಲ್ಲೇ ಇರೋನಿಗೇ ಹೀಗಾಯ್ತು, ನೀವು ಮೊದ್ಲೇ ಕೇಳಿ.

ನಾಲ್ಕನೇ ದಿನ ಕಾಲ್ಬಾದೇವಿ, ಇದು ಅಮ್ಮನ ದಿನ. ಬಟ್ಟೆ ವ್ಯಾಪಾರದ ಗಲ್ಲಿಗಳು, ಕಚ್ಚ್ ಕಾಠಿಯಾವಾಡದಿಂದ ಒಂಟಿಯಾಗಿ ಬಂದ ಗುಮಾಸ್ತರು ವ್ಯಾಪಾರಿಗಳು, ಅವ್ರಿಗೆ ಮಾಂಸ ಮುಟ್ಟದ ಮನೆ ಊಟ ಬೇಕಿತ್ತು. ಶ್ರೀ ಠಾಕರ್ ಭೋಜನಾಲಯ 1945ರಿಂದ ಅಲ್ಲೇ ಒಂದು ಇಕ್ಕಟ್ಟು ಗಲ್ಲೀಲಿ, ಮತ್ತೆ ಮೆಟ್ಲು ಹತ್ಬೇಕು, ಕ್ಷಮಿಸಿ. ಚಳಿಗಾಲ ಆದ್ರಿಂದ ಉಂಧಿಯು ಅನ್ನೋ ಪಲ್ಯ ಇರ್ಬೇಕು, ಸುರತಿ ಅವರೆ, ನೇರಳೆ ಬಣ್ಣದ ಗೆಣಸು, ಚಿಕ್ಕ ಬದನೆ, ಮೆಂತ್ಯದ ಉಂಡೆ ಎಲ್ಲಾ ಸೇರಿಸಿ ಎಣ್ಣೇಲಿ ನಿಧಾನಕ್ಕೆ ಬೇಯ್ಸಿದ್ದು. ಅವರೆಕಾಯಿ ಸೊಗಡು ಗೊತ್ತಿರೋ ಕನ್ನಡದೋರಿಗೆ ಇದು ಬೇಗ ಹಿಡಿಸುತ್ತೆ. ತಟ್ಟೆ ಸುತ್ತ ಬಟ್ಲು, ದಾಲ್‌ಗೂ ಬೆಲ್ಲ, ಪಲ್ಯಕ್ಕೂ ಬೆಲ್ಲ, ಅಮ್ಮ ಮೊದ್ಲು "ಇದೇನ್ ಪಾಯಸನಾ" ಅಂತಾರೆ ನೋಡಿ. ತುಪ್ಪ ಹಚ್ಚಿದ ಫುಲ್ಕಾ ತಟ್ಟೆಗೆ ಬೀಳ್ತಾನೇ ಇರುತ್ತೆ, ಬೇಡ ಅಂದ್ರೆ ಕೇಳಲ್ಲ, ಅಂಗೈ ಪೂರ್ತಿ ತಟ್ಟೆ ಮೇಲೆ ಅಡ್ಡ ಹಿಡೀಬೇಕು, ಬೆರಳ ಸಂದಿ ಬಿಟ್ರೆ ಅಲ್ಲೂ ಹಾಕ್ತಾರೆ. ಬೆಳಗ್ಗೆ ಏನೂ ತಿನ್ದೇ ಹೋಗಿ.

ಸಂಜೆ ಅಲ್ಲಿಂದ ನಡ್ಕೊಂಡೇ ಮೊಹಮ್ಮದ್ ಅಲಿ ರೋಡ್. ರಂಜಾನ್ ತಿಂಗ್ಳಲ್ಲಿ ಮಿನಾರಾ ಮಸೀದಿ ಗಲ್ಲಿ ರಾತ್ರಿಯಿಡೀ ಜಾತ್ರೆ, ಡಿಸೆಂಬರ್‌ನಲ್ಲಿ ಆ ಗಲಾಟೆ ಇರಲ್ಲ, ನನ್ನ ಪ್ರಕಾರ ಊಟಕ್ಕೆ ಅದೇ ಒಳ್ಳೇದು, ಕೂರೋಕಾದ್ರೂ ಜಾಗ ಸಿಗುತ್ತೆ. ಭೇಂಡಿ ಬಜಾರಿನ ನೂರ್ ಮೊಹಮ್ಮದಿ ಹೋಟ್ಲಲ್ಲಿ ನಲ್ಲಿ ನಿಹಾರಿ, ಮಜ್ಜೆ ಮೂಳೆ ಹಾಕಿ ನಿಧಾನಕ್ಕೆ ಬೇಯ್ಸಿದ ಮಾಂಸದ ಸಾರು, ನೀವಿಬ್ರು ಒಂದೇ ಪ್ಲೇಟ್ ತಗೊಳ್ಳಿ, ಮಧ್ಯಾಹ್ನದ ಥಾಲಿ ಇನ್ನೂ ಹೊಟ್ಟೇಲಿರುತ್ತೆ. ಮೂಳೆ ತಟ್ಟೆಗೆ ಕುಟ್ಟಿ ಮಜ್ಜೆ ಬೀಳಿಸಿ ರೊಟ್ಟಿಗೆ ಹಚ್ಕೊಂಡು ತಿನ್ಬೇಕು, ಇಲ್ಲಿ ಚಮಚ ಹಿಡ್ಕೊಂಡು ನಾಜೂಕು ಮಾಡೋದು ಬೇಡ. ಅಮ್ಮನಿಗೆ ಸುಲೇಮಾನ್ ಉಸ್ಮಾನ್ ಅಂಗಡೀಲಿ ಮಣ್ಣಿನ ಬಟ್ಲಲ್ಲಿ ಫಿರ್ನಿ, ಅಕ್ಕಿ ಹಾಲಿನ ಗಟ್ಟಿ ಪಾಯಸ, ಇಲ್ಲಾ ತಾಜ್ ಐಸ್‌ಕ್ರೀಮ್, 1887ರಿಂದ ಇರೋದು, ಮರದ ಡಬ್ಬೀಲಿ ಉಪ್ಪು ಮಂಜುಗಡ್ಡೆ ಹಾಕಿ ಕೈಯಲ್ಲೇ ತಿರುಗಿಸಿ ಮಾಡ್ತಾರೆ. ಸೀತಾಫಲದ್ದು ಸಿಕ್ಕಿದ್ರೆ ಬೇರೆ ಕೇಳ್ಬೇಡಿ. ಅಲ್ಲಿ ಮಾಲ್‌ಪೂವಾಕ್ಕೆ ಮೊಟ್ಟೆ ಒಡೆದು ಹಾಕ್ತಾರೆ, ಅದೂ ಅಮ್ಮನಿಗೆ ಬೇಡ.

ಪಾವ್‌ಭಾಜಿ ಬಗ್ಗೆ ಕೇಳೇ ಕೇಳ್ತೀರಿ, ತಾಡ್‌ದೇವಿನ ಸರ್ದಾರ್, ಬೆಣ್ಣೆ ನೋಡಿ ಹೆದರ್ಬೇಡಿ, ಅಷ್ಟೇ. ಭೇಲ್ ನಿಮ್ ಮಂಡಕ್ಕಿ ಖಾರದ ಮುಂದೆ ಸಪ್ಪೆ ಅನ್ಸುತ್ತೆ, ಟೈಮ್ ಇದ್ರೆ ನೋಡಿ. ಬಾಂದ್ರಾದ ಹೊಸ ಕೆಫೆಗಳು ಬೆಂಗ್ಳೂರಲ್ಲೂ ಇವೆ ಬಿಡಿ. ಸಿಂಧಿಗಳ ದಾಲ್ ಪಕ್ವಾನ್, ಗರಿಗರಿ ಪೂರಿ ಜೊತೆ ಬೇಳೆ, ತಿನ್ನೋ ಆಸೆ ಇದ್ರೆ ಚೆಂಬೂರಿಗೆ ಬೆಳಗ್ಗೆ ಹೋಗ್ಬೇಕು, ನಾಲ್ಕು ದಿನದಲ್ಲಿ ಅದನ್ನ ತುರುಕೋದು ಕಷ್ಟ. ಸ್ಯಾಂಡ್‌ವಿಚ್ ಮಾತ್ರ ಫೋರ್ಟಲ್ಲಿ ನಡೀತಾ ಇರೋವಾಗ ಒಂದು ತಿಂದ್ಬಿಡಿ, ಹಸಿರು ಚಟ್ನಿ ಆಲೂಗಡ್ಡೆ ಬೀಟ್ರೂಟ್ ಸೌತೆ ಹಾಕಿ ಕೊಯ್ಯೋದೇ ಒಂದು ಕಲೆ, ಆ ಚಾಕು ಟಕ ಟಕ ಟಕ ಅಂತ ಆರು ತುಂಡು ಮಾಡಿ ಎಲ್ಲಾ ತುಂಡನ್ನೂ ಮೊದಲಿನ ಹಾಗೇ ಜೋಡಿಸಿ ಕೊಡ್ತಾನೆ, ಕೊನೇಗೆ ಇನ್ನೊಂಚೂರು ಟೊಮೆಟೊ ಈರುಳ್ಳಿ ಇಟ್ಟು ಪುಕ್ಕಟೆ ಒಂದು ತುಂಡು, ಅದನ್ನ ಕೇಳಿ ತಗೊಳ್ಬೇಕು, ಕೇಳ್ದೇ ಕೊಡಲ್ಲ.

ಓಡಾಟದ ಬಗ್ಗೆ ಒಂದು ಮಾತು, ಬೆಳಗ್ಗೆ ಎಂಟೂವರೆಯಿಂದ ಹನ್ನೊಂದರವರೆಗೆ ದಕ್ಷಿಣದ ಕಡೆ ಹೋಗೋ ಲೋಕಲ್ಲಿಗೆ ಅಮ್ಮನನ್ನ ಹತ್ತಿಸ್ಬೇಡಿ, ಸಂಜೆ ಐದೂವರೆ ಮೇಲೆ ಉಲ್ಟಾ. ಫೋರ್ಟ್ ಕಡೆ ರೂಮ್ ಮಾಡಿದ್ರೆ ಈ ತಾಪತ್ರಯ ಅರ್ಧ ಕಮ್ಮಿ, ಆಗ ಮಾಟುಂಗಾ ದಾದರಿಗೆ ನೀವು ರಶ್ಶಿನ ಎದುರು ದಿಕ್ಕಲ್ಲಿ ಹೋಗ್ತೀರಿ. ಮತ್ತೆ ಹೋಟ್ಲಲ್ಲಿ ಬಡಿಸೋ ಹುಡುಗನ ಹಿಂದಿ ಕೇಳಿ ಯಾಕೋ ಪರಿಚಿತ ರಾಗ ಅನ್ಸಿದ್ರೆ ಸುಮ್ನೆ ಕನ್ನಡದಲ್ಲಿ "ಊರ್ ಯಾವ್ದು?" ಅಂತ ಕೇಳಿ ನೋಡಿ. ಈಗ ಹುಡುಗರು ಜಾಸ್ತಿ ಯುಪಿ, ಬಿಹಾರ್, ಒಡಿಶಾದೋರು, ಕೌಂಟರಿನಲ್ಲಿ ಕೂತಿರೋ ಮುದುಕ ಮಾತ್ರ ಬೈಂದೂರೋ ಕಾರ್ಕಳವೋ ಅಂತಾನೆ, ಮತ್ತೆ ಕಾಫಿಗೆ ದುಡ್ಡು ತಗೊಳ್ಳಲ್ಲ.